ಆ ಹಲ್ಲಿಗೆ ತಂದೆ ಬೇಕಿರಲಿಲ್ಲ

ನನ್ನ ಅಣ್ಣನ ಮೊದಲ ಹೆಂಡತಿ ಮದುವೆಗೆ ಮುಂಚೆಯೇ ದಾರಿ ತಪ್ಪಿದ್ದಳು ಎಂದು ನಮ್ಮ ಮನೆ ನಂಬಿದ್ದು ನನ್ನ ಮಾತಿನಿಂದ. ಮೊದಲು ಮನೆ ನಂಬಿತು, ಆಮೇಲೆ ಓಣಿ, ಆಮೇಲೆ ಬೀಗರಿದ್ದ ಊರುಗಳೆಲ್ಲ. ಆ ಮಾತು ಸುಳ್ಳೆಂದು ನನಗೆ ತಿಳಿದದ್ದು ಅವಳಿಗೆ ಸೋಡಚೀಟಿ ಕೊಟ್ಟು ಮದುವೆ ಮುರಿಯುವುದಕ್ಕೆ ಮೊದಲೇ. ತಡೆಯಲು ಸಮಯವಿತ್ತು. ಬಾಯಿಯೂ ಇತ್ತು — ಎಂಥ ಬಾಯಿ! — ಆದರೂ ತಡೆಯಲಿಲ್ಲ.

ಇದನ್ನು ಓದುವವರಲ್ಲಿ ಕೆಲವರು ನನ್ನ ಪರವಾಗಿ ಎದ್ದು ನಿಲ್ಲಬಹುದು. ಆಗ ನಿನಗೆ ವಯಸ್ಸೆಷ್ಟು, ಏನು ತಿಳಿಯುತ್ತಿತ್ತು, ಹಿರಿಯರಿದ್ದರಲ್ಲ, ನಿರ್ಧಾರ ಅವರದಲ್ಲವೇ... ಈ ವಾದಗಳನ್ನೆಲ್ಲ ನಾನೇ ನನ್ನೊಳಗೆ ಮಾಡಿ ನೋಡಿದ್ದೇನೆ. ಚೆನ್ನಾಗಿಯೇ ಮಾಡಿದ್ದೇನೆ. ಅದಕ್ಕೇ ಅವುಗಳ ಮೇಲೆ ನನಗೆ ನಂಬಿಕೆಯಿಲ್ಲ.

ನಮ್ಮದು ನಿಪ್ಪಾಣಿ ಕಡೆಯ ಜೈನ ಒಕ್ಕಲು ಮನೆ. ತಂಬಾಕು ಬೆಳೆಯುತ್ತಿದ್ದೆವು. ಅಪ್ಪ ಬೇಗ ತೀರಿಕೊಂಡಿದ್ದರಿಂದ ಮನೆಯ ಯಜಮಾನಿಕೆ ಕಾಕಾನದು. ಕೆಳಗೆ ಅವ್ವ, ಅಣ್ಣ ಜಿನ್ನಪ್ಪ, ನಾನು. ಎಂಬತ್ತರ ದಶಕದ ಕೊನೆ. ನಾನು ನಿಪ್ಪಾಣಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದೆ, ಪ್ರಾಣಿಶಾಸ್ತ್ರ. ಆದರೆ ನನ್ನ ನಿಜವಾದ ವಿಷಯ ಚರ್ಚಾಸ್ಪರ್ಧೆ. ಚಿಕ್ಕೋಡಿ, ಅಥಣಿ, ರಾಯಬಾಗ — ಎಲ್ಲಿ ಮೈಕು ಕಟ್ಟಿದರೂ ಅಲ್ಲಿ ನಾನು. ಕಾಲೇಜಿನ ಹಿರಿಯ ವಿದ್ಯಾರ್ಥಿಯೊಬ್ಬ ಕಲಿಸಿದ ಪಟ್ಟು ಒಂದಿತ್ತು. ಎದುರಾಳಿಗೆ ಎರಡೇ ದಾರಿ ಬಿಡು. ಒಂದನ್ನು ನೀನೇ ಮುಚ್ಚು. ಇನ್ನೊಂದರಲ್ಲಿ ಅವನು ತಾನಾಗಿ ಬೀಳುತ್ತಾನೆ. ಮೂರನೆಯ ದಾರಿ ಇರಬಹುದೆಂದು ಸಭೆಗೆ ನೆನಪಾಗುವಷ್ಟರಲ್ಲಿ ಗಂಟೆ ಬಾರಿಸಿರುತ್ತದೆ. ಈ ಪಟ್ಟಿನಿಂದ ನಾನು ಸೋತದ್ದು ಕಡಿಮೆ.

ಮಾಟ, ಮದ್ದು, ದೃಷ್ಟಿ, ಯಾವುದನ್ನೂ ನಂಬುತ್ತಿರಲಿಲ್ಲ. ಈಗಲೂ ನಂಬುವುದಿಲ್ಲ. ತಪ್ಪಿದ್ದು ಅಲ್ಲಲ್ಲ.

ಅಣ್ಣನ ಹೆಂಡತಿ ಸುನಂದಾ, ಅಥಣಿ ತಾಲೂಕಿನ ಅನಂತಪುರದವಳು. ನಾನು ಅವಳನ್ನು ವೈನಿ ಎನ್ನುತ್ತಿದ್ದೆ. ಏಳನೆಯ ಇಯತ್ತೆಯ ತನಕ ಶಾಲೆ ಓದಿದ್ದಳು. ನಾನು ಸ್ಪರ್ಧೆಗೆ ತಯಾರಿ ಮಾಡುವಾಗ ರೊಟ್ಟಿ ಬಡಿಯುತ್ತಲೇ ಎದುರು ಪಕ್ಷ ವಹಿಸುತ್ತಿದ್ದಳು — "ಅಂವ ಹಂಗ ಅಂದ್ರ ನೀ ಏನಂತಿ? ಹ್ಞಾಂ, ಈಗ ಸಿಕ್ಕಬಿದ್ದಿ ನೋಡು!" ನಾನು ತಿರುಗೇಟು ಕೊಟ್ಟರೆ ಹಿಟ್ಟಿನ ಕೈಯಲ್ಲೇ ಹಣೆ ಬಡಿದುಕೊಳ್ಳುವಳು. "ನಿನ್ನ ಮಾಡ್ಕೊಳ್ಳಾವ ಪುಣ್ಯವಂತ ಬಿಡವಾ. ಆ ಮನಷ್ಯಾಗ ಜಲ್ಮಪೂರ್ತಿ ಬಾಯಿ ತೆಗಿಯೂ ಕೆಲಸನ ಇಲ್ಲ!" ಪರವೂರಿನ ಸ್ಪರ್ಧೆಗಳಿಗೆ ನನ್ನನ್ನು ಕಳಿಸಲು ಅವ್ವನನ್ನು ಒಪ್ಪಿಸುತ್ತಿದ್ದವಳು ಅವಳೇ.

ಮದುವೆಯಾಗಿ ವರ್ಷ ಕಳೆದಿರಬಹುದು, ಅವಳ ಹೊಟ್ಟೆ ಸ್ವಲ್ಪ ಮುಂದೆ ಬಂತು. ಅವ್ವ ಹಿಗ್ಗಿ, ಬಸುರಿಯ ಕುಬಸಕ್ಕೆ ಎಂಥ ಸೀರೆ ಎಂದು ಮಾತು ತೆಗೆದಳು. ವೈನಿ ಮಾತ್ರ, "ಹಂಗೇನಿಲ್ರಿ ಅತ್ತಿ, ನಾ ತಿಂಗಳಾ ತಿಂಗಳಾ ಹೊರಗ ಕುಂದ್ರಾಕತ್ತೀನಲ್ರಿ" ಎಂದು ನಾಚಿ ಹೇಳುತ್ತಿದ್ದಳು. ಒಂದು ಬೆಳಿಗ್ಗೆ ತಂಬಾಕಿನ ಹೊಲದಲ್ಲಿ ಹೊಟ್ಟೆ ಹಿಡಿದುಕೊಂಡು ಕುಸಿದಳು. ವಾಂತಿ, ಬೆವರು, ಕಿರುಚಾಟ. ನಮ್ಮ ಕಡೆ ದೊಡ್ಡ ಬೇನೆ ಎಂದರೆ ಮಿರಜದ ಆಸ್ಪತ್ರೆ. ಅಣ್ಣ, ಅವ್ವ ಜೀಪಿನಲ್ಲಿ ಕರೆದೊಯ್ದರು. ನಾನು ಅಥಣಿಗೆ ಹೋದೆ — ಅಂದು ಅಲ್ಲಿ ಸ್ಪರ್ಧೆಯಿತ್ತು.

ಆಸ್ಪತ್ರೆಯಲ್ಲಿ ನಡೆದದ್ದನ್ನು ನಾನು ಅವ್ವನ ಬಾಯಿಂದ ಕೇಳಿದ್ದು. ಆಪರೇಷನ್ ಮುಗಿದ ಮೇಲೆ ಡಾಕ್ಟರ್‌ಬಾಯಿ ಒಂದು ಸ್ಟೀಲಿನ ತಟ್ಟೆ ಹಿಡಿದು ಹೊರಗೆ ಬಂದರಂತೆ. ಅದರಲ್ಲಿ ತೆಂಗಿನಕಾಯಿ ಗಾತ್ರದ ಗಡ್ಡೆ, ಸೀಳಿದ್ದು. ಒಳಗೆ ಹೆರೆತುಪ್ಪದಂಥ ಹಳದಿ ಜಿಡ್ಡು, ಅದರಲ್ಲಿ ಮುದ್ದೆಯಾಗಿ ಸುತ್ತಿಕೊಂಡ ಉದ್ದುದ್ದ ಕೂದಲು. ಮತ್ತೆ — ಗೋಡೆಗೆ ಅಂಟಿಕೊಂಡು — ಒಂದು ಹಲ್ಲು. ಮನುಷ್ಯರ ಹಲ್ಲು. "ಘಾಬರೂ ನಕಾ, ಗಾಠ್ ಆಹೆ" ಎಂದು ಡಾಕ್ಟರ್‌ಬಾಯಿ ಮರಾಠಿಯಲ್ಲಿ ಸಮಾಧಾನ ಹೇಳಿ ಇನ್ನೊಂದು ಆಪರೇಷನ್ನಿಗೆ ಒಳಗೆ ಹೋದರು. ಗಂಟು ಎಂಬ ಮಾತು ಅವ್ವನ ಕಿವಿಗೆ ಬಿದ್ದಿತ್ತೋ ಇಲ್ಲವೋ. ಕಣ್ಣಿಗೆ ಹಲ್ಲು ಬಿದ್ದಿತ್ತು.

ವೈನಿಯನ್ನು ಮನೆಗೆ ಕರೆತಂದ ಮೇಲೆ ಅವ್ವ ಮಾಟದ ಮಾತು ಎತ್ತಿದಳು. ಕುರುಬರ ಲಗಮವ್ವ ಹಿಂದಿನ ಚಳಿಗಾಲದಲ್ಲಿ ವೈನಿಗೊಂದು ಕಂಬಳಿ ಕೊಟ್ಟಿದ್ದಳು. ಕೂದಲಿನ ಕಂಬಳಿ, ಹೊಟ್ಟೆಯಲ್ಲಿ ಕೂದಲು. ಅವ್ವನಿಗೆ ಅಷ್ಟು ಸಾಕಾಯಿತು. ಲಗಮವ್ವನನ್ನು ಎಳೆದು ತಂದು ಓಣಿಯ ನಡುವೆ ನಿಲ್ಲಿಸಿ ಕೇಳಬೇಕೆಂದು ಹಟ ಹಿಡಿದಳು. ಕಾಕಾ ಪಡಸಾಲೆಯಲ್ಲಿ ಕುಳಿತು ನಕ್ಕ. "ಕರೀರಿ ನಮ್ಮ ಜಜ್ಜನ್ನ. ಸಾಯನ್ಸ್ ಓದಾಕಿ ಅದಾಳ ಮನ್ಯಾಗ, ಅಕಿನ್ನ ಕೇಳೂಣು." ನನ್ನನ್ನು ಅವನು ಜಜ್ಜ, ಅಂದರೆ ನ್ಯಾಯಾಧೀಶ, ಎಂದೇ ಕರೆಯುತ್ತಿದ್ದ. ನನಗೆ ಅದು ಇಷ್ಟವಿತ್ತು.

ನಾನು ಕಂಬಕ್ಕೆ ಬೆನ್ನು ಕೊಟ್ಟು ನಿಂತೆ. ಮಧ್ಯಾಹ್ನ. ಅಣ್ಣ ಹೊಸ್ತಿಲ ಹತ್ತಿರ ತಲೆ ತಗ್ಗಿಸಿ ಕುಳಿತಿದ್ದ. ಒಳಕೋಣೆಯಲ್ಲಿ ವೈನಿ ಮಲಗಿದ್ದಳು. ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ.

"ಕಂಬಳಿ ಹೊಚ್ಚಿದ್ರ ಹೊಟ್ಯಾಗ ಕೂದಲಾ ಬೆಳಿಯೂ ಹಂಗಿದ್ರ," ಎಂದೆ, "ಕುರುಬರ ಓಣ್ಯಾಗ ಎಲ್ಲಾರ ಹೊಟ್ಯಾಗೂ ಕುರಿ ಒದರತಿದ್ದೂ ಬೇ ಅವ್ವಾ."

ಕಾಕಾ ತೊಡೆ ತಟ್ಟಿ ನಕ್ಕ. ಅಣ್ಣನ ಮುಖದಲ್ಲೂ ಕೊಂಚ ನಗು ಬಂತು. ಲಗಮವ್ವ ಬಚಾವಾದಳು. ಅಲ್ಲಿಗೆ ನಿಲ್ಲಿಸಿದ್ದರೆ — ನಾನು ಬದುಕಿನಲ್ಲಿ ಮಾಡಿದ ಒಂದು ಒಳ್ಳೆಯ ಕೆಲಸ ಅದಾಗುತ್ತಿತ್ತು.

"ಮಾಟ ಅಲ್ಲ ಅಂದ್ರ ಏನದು?" ಕಾಕಾ ಕೇಳಿದ.

ಗೊತ್ತಿಲ್ಲ. ಉತ್ತರ ಅದೊಂದೇ ಇತ್ತು, ಅದು ಸತ್ಯವೂ ಆಗಿತ್ತು. ಆದರೆ ಚರ್ಚೆಯವರಿಗೆ ಆ ಶಬ್ದ ಹೇಳಲು ಯಾರೂ ಕಲಿಸಿರುವುದಿಲ್ಲ. ಆ ವರ್ಷವಷ್ಟೇ ಕೋಳಿಮೊಟ್ಟೆಯ ಭ್ರೂಣದ ಪಾಠ ಓದಿದ್ದೆ. ಭ್ರೂಣದಲ್ಲಿ ಮೂರು ಪದರ. ಈ ಪದರದಿಂದ ಚರ್ಮ, ಕೂದಲು. ಆ ಪದರದಿಂದ ಮಾಂಸ, ಎಲುಬು. ಬಾಯಿ ತನ್ನಷ್ಟಕ್ಕೆ ತಾನೇ ಹೊರಟಿತು.

"ಕೂದಲಾ, ಹಲ್ಲು ಎಲ್ಲೆ ಹುಟ್ಟತಾವ ಕಾಕಾ? ಕೂಸಿನ ಮೈಯಾಗ. ಕೂಸು ಹೆಂಗ ಹುಟ್ಟತೈತಿ? ಗಂಡು-ಹೆಣ್ಣು ಕೂಡಿದ್ರ. ಮಂತ್ರಾ ಹಾಕಿದ್ರ ಅಲ್ಲ. ಮಾಟ ಇಲ್ಲಾ, ಬಸಿರು — ಎರಡರಾಗ ಒಂದು. ಮಾಟ ಅನ್ನೂದು ಜಗತ್ತಿನ್ಯಾಗ ಇಲ್ಲ."

"ಹಂಗಾರ ಇದು ನಿಲ್ಲಲಾರದ ಬಸರು?" ಅವ್ವ ಅಣ್ಣನ ಕಡೆ ನೋಡಿದಳು. ಅವಳ ದನಿಯಲ್ಲಿ ಮರುಕವೇ ಇತ್ತು. ನಾನು ಅದಕ್ಕೂ ಬಿಡಲಿಲ್ಲ.

"ಅಷ್ಟ ದೊಡ್ಡ ಹಲ್ಲು ಬರಾಕ ಭಾಳ ವರ್ಷ ಬೇಕು..."

ಆ ವಾಕ್ಯದ ಅರ್ಧದಲ್ಲಿ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ನನಗೆ ಕಂಡಿತು. ಮದುವೆಯಾಗಿ ಇನ್ನೂ ಎರಡು ವರ್ಷವಾಗಿರಲಿಲ್ಲ. ಆಡುವಾಗ ಹೊಳೆಯಲಿಲ್ಲ ಎಂದು ಇಲ್ಲಿ ಬರೆಯಬಹುದು, ಯಾರು ಪರೀಕ್ಷಿಸುತ್ತಾರೆ? ಬರೆಯುವುದಿಲ್ಲ. ಹೊಳೆಯಿತು. ಹೊಳೆದ ಮೇಲೂ ಉಳಿದರ್ಧ ವಾಕ್ಯವನ್ನು ಮುಗಿಸಿದೆ — "ಇದು ನಮ್ಮ ಮನಿಗೆ ಬಂದ ಮ್ಯಾಲಿಂದ ಅಲ್ಲ."

ಆಗ ವೈನಿ ಗೋಡೆ ಹಿಡಿದು ಹೊರಗೆ ಬಂದಳು, ಇನ್ನೊಂದು ಕೈ ಹೊಟ್ಟೆಯ ಮೇಲೆ.

"ಡಾಕ್ಟರ್‌ಬಾಯಿ ನನಗ ಹೇಳ್ಯಾರ. ಇದು ಕೂಸಲ್ಲಂತ. ಹುಟ್ಟುವಾಗಿಂದನ ಒಳಗ ಇರ್ತೈತಂತ, ಸಾವಕಾಶ ಬೆಳಿತೈತಂತ. ಮದುವಿ ಆಗಲಾರದ ಸಣ್ಣ ಹುಡುಗ್ಯಾರಿಗೂ ಆಕ್ಕೈತಂತ."

ಈಗ ಬರೆಯುವುದು ಕಷ್ಟ. ಅವಳು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಆಪರೇಷನ್ ಮಾಡಿದವರು ಹೇಳಿದ್ದನ್ನು ಆಪರೇಷನ್ ಆದವಳು ಹೇಳುತ್ತಿದ್ದಳು. ಅದಕ್ಕಿಂತ ದೊಡ್ಡ ಸಾಕ್ಷಿ ಯಾವುದು? ನಾನು ಕಂಡದ್ದು ಸಾಕ್ಷಿಯನ್ನಲ್ಲ, ಎದುರು ಪಕ್ಷವನ್ನು. ಸದಾ ಅವಳಿಗೆ 'ನೀ' ಎನ್ನುತ್ತಿದ್ದ ನಾನು ಅಂದು ಸಭೆಯಲ್ಲಿ ಮಾತಾಡುವಂತೆ 'ರಿ' ಹಚ್ಚಿದೆ.

"ಹುಟ್ಟುವಾಗಿಂದ ಇತ್ತಂದ್ರ ಇಷ್ಟ ವರ್ಷ ಯಾಕ ತಿಳೀಲಿಲ್ರಿ, ವೈನಿ?"

"ಗೊತ್ತಿಲ್ಲವಾ."

"ಬ್ಯಾನಿಗೆ ಒಂದು ಹೆಸರಿರಬೇಕಲ್ಲ? ಏನಂದ್ರು?"

"ಇಂಗ್ಲಿಷಿನ್ಯಾಗ ಏನೋ ಅಂದ್ರು... ಗುಂಗಿನ್ಯಾಗ ಇದ್ನಿ, ನೆನಪ ಉಳೀಲಿಲ್ಲ."

"ಕೂಸಲ್ಲ ಅಂದ ಮ್ಯಾಲ ಹಲ್ಲು ಎಲ್ಲಿಂದ ಬಂತ್ರಿ?"

ಅವಳು ಅಣ್ಣನನ್ನು ನೋಡಿದಳು. ಅವನು ನೆಲ ನೋಡುತ್ತಿದ್ದ. ಮತ್ತೆ ನನ್ನ ಕಡೆ ತಿರುಗಿದಳು. "ಹೊಟ್ಟಿ ನಂದ ಐತಿ ಖರೆ ತಂಗಿ. ನಾ ಏನ ಒಳಗ ಹೋಗಿ ನೋಡಿ ಬಂದೇನೇನ?"

ಸ್ಪರ್ಧೆಯಲ್ಲಾಗಿದ್ದರೆ ಈ ಮಾತಿಗೆ ಚಪ್ಪಾಳೆ ಬೀಳುತ್ತಿತ್ತು. ಅಂದು ಯಾರೂ ನಗಲಿಲ್ಲ. ಅಣ್ಣ ಎದ್ದು ಹೊಲದ ಕಡೆ ಹೋದ.

ಹೊಲಿಗೆ ಬಿಚ್ಚಿದ ಮೇಲೆ 'ವಿಶ್ರಾಂತಿ'ಗೆಂದು ಅವಳನ್ನು ಅನಂತಪುರಕ್ಕೆ ಕಳಿಸಿದರು. ಅವಳ ಅಪ್ಪ ಕರೆಯಲು ಬಂದಿದ್ದರು. ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದಳು, ಸಿಟ್ಟಿಲ್ಲದೆ, "ನಿನಗೂ ಹಂಗ ಅನಸ್ತೈತೇನ? ನನ್ನ ನೋಡಿ ಹೇಳು."

"ಇದು ಅನಸೂದರ ಮಾತಲ್ಲ ವೈನಿ," ಎಂದೆ. "ತರ್ಕದ್ದು."

ಮತ್ತೆ ಅವಳನ್ನು ಕರೆಯಲು ನಮ್ಮ ಮನೆಯಿಂದ ಯಾರೂ ಹೋಗಲಿಲ್ಲ.

ಇಲ್ಲಿಯವರೆಗಿನದು ಅಜ್ಞಾನ. ಸೊಕ್ಕಿನ ಅಜ್ಞಾನ, ಆದರೂ ಅಜ್ಞಾನವೇ. ನಾನು ಬಚ್ಚಿಟ್ಟದ್ದು ಇದಲ್ಲ. ಇದು ಊರಿಗೆಲ್ಲ ಗೊತ್ತು. ಬಚ್ಚಿಟ್ಟದ್ದು ಮುಂದಿನದು.

ಕೆಲವು ತಿಂಗಳ ನಂತರ ಒಂದು ವೈದ್ಯಕೀಯ ಕಾಲೇಜಿನಲ್ಲಿ ಅಂತರಕಾಲೇಜು ಚರ್ಚಾಸ್ಪರ್ಧೆ ಇತ್ತು. ಮಧ್ಯಾಹ್ನ ಸ್ಪರ್ಧೆ, ಬೆಳಿಗ್ಗೆ ಬಂದವರಿಗೆಲ್ಲ ಅವರ ಸಂಗ್ರಹಾಲಯ ತೋರಿಸಿದರು. ಗಾಜಿನ ಭರಣಿಗಳ ಸಾಲು, ಔಷಧದ ಘಾಟು. ಕರೆದೊಯ್ದಿದ್ದ ಹುಡುಗ, ಅಲ್ಲಿಯ ವಿದ್ಯಾರ್ಥಿ, ಮಾತುಗಾರ. ಒಂದು ಭರಣಿಯ ಮುಂದೆ ನಿಂತ. ಒಳಗೆ ಸೀಳಿದ ಗಡ್ಡೆ. ಜಡೆಗಟ್ಟಿದ ಕೂದಲು. ಗೋಡೆಗೆ ಅಂಟಿದ ಹಲ್ಲುಗಳು.

"ಇದರ ತಂದಿ ಯಾರಂತ ಮನಸಿನ್ಯಾಗ ಕೇಳಾಕತ್ತೀರಿ ಹೌದಿಲ್ರಿ?" ಎಂದು ನಕ್ಕ. "ಎಲ್ಲಾರೂ ಅದನ್ನ ಕೇಳ್ತಾರ. ಇದಕ್ಕ ತಂದಿ ಬೇಕಾಗಂಗಿಲ್ರಿ. ಟೆರಟೋಮಾ ಅಂತಾರ. ಇದು ಇದ್ದಾಕಿ ಇನ್ನೂ ದೊಡ್ಡಾಕಿ ಸೈತ ಆಗಿರ್ಲಿಲ್ಲ. ಸಾಲಿಗೆ ಹೋಗೂ ಹುಡುಗಿ."

ಅವನು ವಿವರಿಸಿದ. ನಾವು ತಾಯಿಯ ಹೊಟ್ಟೆಯಲ್ಲಿರುವಾಗಲೇ ನಮ್ಮೊಳಗೆ ಬೀಜಕೋಶಗಳು ಬಂದು ಕುಳಿತಿರುತ್ತವೆ. ಒಂದು ಇಡೀ ದೇಹ ಕಟ್ಟುವ ಶಕ್ತಿ ಅವುಗಳಿಗಿದೆ. ಅಪರೂಪಕ್ಕೆ ಅವುಗಳಲ್ಲಿ ಒಂದು ಯಾರೂ ಎಬ್ಬಿಸದೆ ತಾನೇ ಎದ್ದು ಒಡೆಯತೊಡಗುತ್ತದೆ. ಗಂಡಿನ ಬೀಜ ಬೇಕಿಲ್ಲ, ಸಂಗ ಬೇಕಿಲ್ಲ. ಹೇಗೆ ಕಟ್ಟಬೇಕೆಂಬ ಕ್ರಮ ಅದಕ್ಕಿಲ್ಲ. ಅಲ್ಲಿಷ್ಟು ಚರ್ಮ, ಇಲ್ಲಿಷ್ಟು ಕೂದಲು, ಒಂದು ಹಲ್ಲು, ಒಂದು ಚೂರು ಎಲುಬು, ಜಿಡ್ಡು. ಅದು ಕೂಸಲ್ಲ, ಕೂಸಾಗಲಾರದು. ಅಂಡಾಶಯದಲ್ಲೇ ಹೆಚ್ಚು, ಆದರೆ ಹಸುಗೂಸುಗಳ ಬೆನ್ನಿನ ಕೊನೆಯಲ್ಲೂ, ಗಂಡಸರ ವೃಷಣದಲ್ಲೂ ಕಾಣಿಸಬಹುದು. ಬಹಳ ವರ್ಷ ಸುಮ್ಮನಿದ್ದು ಸಾವಕಾಶ ಬೆಳೆಯುತ್ತದೆ. ಬುಡ ಹೊರಳಿಕೊಂಡರೆ ತಡೆಯಲಾರದ ನೋವು. ಹೆಂಗಸರ ಹೊಟ್ಟೆಯ ಇಂಥ ಗಡ್ಡೆಗಳು ಹೆಚ್ಚಿನವು ಕ್ಯಾನ್ಸರ್ ಅಲ್ಲ, ತೆಗೆದರೆ ಮುಗಿಯಿತು. ಇನ್ನೊಂದು ಅಂಡಾಶಯ ಚೆನ್ನಾಗಿದ್ದರೆ ಮಕ್ಕಳೂ ಆಗುತ್ತವೆ.

ವೈನಿ ಗೋಡೆ ಹಿಡಿದು ನಿಂತು ಹೇಳಿದ್ದನ್ನೇ ಅವನು ಶಾಸ್ತ್ರದ ಮಾತಿನಲ್ಲಿ ಹೇಳುತ್ತಿದ್ದ. ಹುಟ್ಟುವಾಗಿನಿಂದ. ಸಾವಕಾಶ. ಸಣ್ಣ ಹುಡುಗಿಯರಿಗೂ. ನಾನು ಬಿಟ್ಟ ಎರಡು ದಾರಿಗಳ ನಡುವೆ ಮೂರನೆಯದು ಅಷ್ಟಗಲ ಬಿದ್ದಿತ್ತು. ನನ್ನ ಮೂರು ಪದರದ ಪಾಠದಲ್ಲೇ ಅದರ ಅರ್ಧ ಉತ್ತರವಿತ್ತು. ಅರ್ಧ ಓದಿ ಪೂರ್ತಿ ಮಾತಾಡಿದ್ದೆ.

ಮಧ್ಯಾಹ್ನದ ಚರ್ಚೆಯ ವಿಷಯ ಈಗ ನೆನಪಿಲ್ಲ. ಗೆದ್ದದ್ದು ನೆನಪಿದೆ.

ಬಸ್ಸಿನಲ್ಲಿ ಬರುವಾಗ ಮನೆಯಲ್ಲಿ ಹೇಳಬೇಕಾದ ವಾಕ್ಯಗಳನ್ನು ಜೋಡಿಸಿಕೊಂಡೆ. ಕಾಕಾ, ನಾ ತಪ್ಪಿದ್ನಿ. ಇಷ್ಟು ಸಣ್ಣ ವಾಕ್ಯ. ಮನೆ ಹೊಕ್ಕೆ. ಅವ್ವ ನನ್ನ ಕೈಯಲ್ಲಿದ್ದ ಬಹುಮಾನದ ಕಪ್ ನೋಡಿ ಹಿಗ್ಗಿದಳು. ಅಣ್ಣ ಚಪ್ಪಲಿ ಹೊಲಿದುಕೊಳ್ಳುತ್ತ ಕಟ್ಟೆಯ ಮೇಲಿದ್ದ. ಕಾಕಾ ಉತ್ಸಾಹದಲ್ಲಿದ್ದ. "ಬಂದ್ಲ ನೋಡ ನಮ್ಮ ಜಜ್ಜ! ಬರೂ ವಾರ ಅಥಣ್ಯಾಗ ಎರಡೂ ಕಡಿ ಹಿರಿಯಾರು ಕೂಡಾಕತ್ತಾರವಾ. ನೀ ಅವತ್ತ ಹೇಳಿದ್ದ ಪಾಯಾ ಆತ ನೋಡ ನಮಗ. ಇಲ್ಲಂದ್ರ ಮಾಟ ಗೀಟ ಅಂತ ಬಾಯಿ ಬಾಯಿ ಬಡ್ಕೋತ ಕುಂದ್ರತಿದ್ದಿವಿ."

ನಾಳೆ ಹೇಳುತ್ತೇನೆ ಎಂದುಕೊಂಡೆ. ಮರುದಿನ, ಅಣ್ಣನ ಮನಸ್ಸು ಈಗಾಗಲೇ ಮುರಿದಿದೆ, ಹೇಳಿ ಏನು ಪ್ರಯೋಜನ ಎಂದುಕೊಂಡೆ. ಅದರ ಮರುದಿನ, ಭರಣಿಯಲ್ಲಿದ್ದದ್ದೂ ವೈನಿಯದೂ ಒಂದೇ ಎಂದು ಹೇಗೆ ಖಚಿತ ಎಂದುಕೊಂಡೆ — ನನ್ನ ಸಂಶಯಬುದ್ಧಿಯ ನೀಚತನ ನೋಡಿ, ಅವಳನ್ನು ಹೊರಹಾಕುವಾಗ ಸಾಕ್ಷಿ ಕೇಳದ್ದು, ಒಳಕರೆಯುವಾಗ ಕೇಳಿತು. ಇವು ಯಾವುವೂ ಕಾರಣಗಳಲ್ಲ. ಕಾರಣ ಒಂದೇ, ತೀರ ಸಣ್ಣದು. ನಕ್ಕು ತೊಡೆ ತಟ್ಟಿದವರ ಮುಂದೆ ಸೋತು ನಿಲ್ಲಲು ನನಗೆ ಆಗಲಿಲ್ಲ. ಅಷ್ಟಕ್ಕಾಗಿ ಒಂದು ಹೆಣ್ಣಿನ ಸಂಸಾರ ಹೋಯಿತು.

ಹಿರಿಯರ ಸಭೆಗೆ ನಾನು ಹೋಗಿರಲಿಲ್ಲ. ಕಾಕಾ ಬಂದು ಹೆಮ್ಮೆಯಿಂದ ಹೇಳಿದ. ವೈನಿಯ ಅಪ್ಪ ಕೈಮುಗಿದರಂತೆ, "ಮಿರಜ ಏನ್ ದೂರೈತ್ರಿ? ಎಲ್ಲಾರೂ ಕೂಡಿ ಹೋಗಿ ಡಾಕ್ಟರ್‌ಬಾಯಿನ್ನ ಕೇಳೂಣು ಬರ್ರಿ" ಎಂದು. ಕಾಕಾ ಹೇಳಿದನಂತೆ, "ನಮ್ಮ ಮನ್ಯಾಗನ ಸಾಯನ್ಸ್ ಕಲತಾಕಿ ಅದಾಳ್ರಿ. ಅಕಿಗಿಂತ ಹೆಚ್ಚ ಯಾರ ಹೇಳ್ತಾರು?" ಆ ದಿನವೇ ಸೋಡಚೀಟಿ ಆಯಿತು. ಮುಂದಿನ ವರ್ಷ ಅಣ್ಣನಿಗೆ ರಾಯಬಾಗ ಕಡೆಯಿಂದ ಹೆಣ್ಣು ತಂದರು.

ನಮ್ಮಲ್ಲಿ ಭಾದ್ರಪದದ ಹತ್ತು ದಿನಗಳ ಪರ್ವ ಮುಗಿದ ಮೇಲೆ ಎಲ್ಲರೂ ಎಲ್ಲರಲ್ಲಿ ಕ್ಷಮೆ ಕೇಳುವ ಪದ್ಧತಿಯಿದೆ. ಬಸದಿಯ ಅಂಗಳದಲ್ಲಿ ಎದುರಾದವರಿಗೆಲ್ಲ ಕೈಮುಗಿದು, "ಉತ್ತಮ ಕ್ಷಮಾ. ತಿಳಿದೋ ತಿಳಿಯದೆಯೋ ಮಾಡಿದ್ದರ ಕ್ಷಮಾ ಇರಲಿ" ಎನ್ನಬೇಕು. ನಾನು ಅದನ್ನು ಸಗಟು ಕ್ಷಮೆ ಎಂದು ಹಾಸ್ಯ ಮಾಡುತ್ತಿದ್ದೆ. ಆ ವರ್ಷ ಅಥಣಿ ಕಡೆಯ ಒಂದೂರಲ್ಲಿ ಮುನಿಗಳ ಚಾತುರ್ಮಾಸವಿತ್ತು; ಅವ್ವನ ಜೊತೆ ಹೋಗಿದ್ದೆ. ಅವ್ವ ಒಳಗಿದ್ದಳು. ಅಂಗಳದ ಜನಸಂದಣಿಯಲ್ಲಿ ವೈನಿ ಎದುರಾದಳು. ಸೊರಗಿದ್ದಳು. ಓಡಿಹೋಗಬೇಕೆನಿಸಿತು. ಬದಲಿಗೆ — ಆ ಪದ್ಧತಿ ಸುಲಭವಾಗಿ ಕೈಗೆ ಸಿಕ್ಕಿತು. ನಾನು ಹಾಸ್ಯ ಮಾಡಿದ್ದ ಅದೇ ಮಾತನ್ನು ತಲೆ ತಗ್ಗಿಸಿ ಗೊಣಗಿದೆ. "ಉತ್ತಮ ಕ್ಷಮಾ ವೈನಿ."

ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. ಬಿಡಲಿಲ್ಲ.

"ಯಾವುದಕ್ಕವಾ?" ಎಂದಳು. ಮೆಲ್ಲಗೆ. ಕಾಯುವ ದನಿಯಲ್ಲಿ.

ಬಾಯಿ ತೆರೆದರೆ ಸಾಕಿತ್ತು. ಒಂದು ಹೆಸರು ಹೇಳಿದ್ದರೆ ಸಾಕಿತ್ತು, ಟೆರಟೋಮಾ. ಅದು ಅವಳ ನೆನಪಿನಿಂದ ಜಾರಿದ್ದ ಹೆಸರು. ಅಂಗಳದ ತುಂಬ ನಮ್ಮ ಬಳಗದ ಹೆಂಗಸರಿದ್ದರು.

"ಎಲ್ಲಾದಕ್ಕೂ," ಎಂದೆ.

ಅವಳು ನನ್ನ ಮುಖ ನೋಡಿ, "ಆತು. ಕ್ಷಮಾ ಮಾಡೀನಿ" ಎಂದು ಕೈ ಬಿಟ್ಟಳು.

ಆಮೇಲಿನ ವರ್ಷಗಳನ್ನು ವಿವರಿಸುವುದಿಲ್ಲ. ಓದಿದೆ, ಚಿಕ್ಕೋಡಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸತೊಡಗಿದೆ. ಮೂಢನಂಬಿಕೆಯ ವಿರುದ್ಧ ಊರೂರಿಗೆ ಹೋಗಿ ಮಾತಾಡಿದೆ, ಚಪ್ಪಾಳೆ ತೆಗೆದುಕೊಂಡೆ. ವಯಸ್ಸು ಇನ್ನೂ ಮೂವತ್ತಾಗಿಲ್ಲ. ಮರೆತಿದ್ದೆನೇ? ಇಲ್ಲ. ಮರೆತವಳಂತೆ ಬದುಕುವುದು ಅಭ್ಯಾಸವಾಗಿತ್ತು.

ಹೋದ ತಿಂಗಳು ರಜೆಗೆ ಊರಿಗೆ ಹೋಗಿದ್ದಾಗ ಕಾಗವಾಡದಿಂದ ಇಬ್ಬರು ಹಿರಿಯರು ನಮ್ಮ ಮನೆಗೆ ಬಂದರು. ವೈನಿಯ ಹಿರಿಯಣ್ಣನ ಮಗಳನ್ನು ತಮ್ಮ ಹುಡುಗನಿಗೆ ಕೇಳಿದ್ದರಂತೆ. ಆ ಮನೆಯ ಹೆಣ್ಣುಮಕ್ಕಳ ನಡತೆ ಹೇಗೆ, ಹಳೆಯ ಸುದ್ದಿ ನಿಜವೇ ಎಂದು ವಿಚಾರಿಸಲು ಬಂದಿದ್ದರು. ಅಣ್ಣ ಇದ್ದ, ಮುದುಕನಾದ ಕಾಕಾ ಇದ್ದ. ಅಣ್ಣನ ಈಗಿನ ಹೆಂಡತಿ ಚಹಾ ತಂದಿಟ್ಟಳು.

"ನಾವ್ಯಾಕ ಒಬ್ಬರ ಮನಿ ಹೆಣ್ಣಿನ ಮ್ಯಾಲ ಮಾತಾಡೂಣ್ರಿ," ಎಂದಳು ಅವ್ವ. "ಇಕಿ ಕಲತಾಕಿ. ಆವಾಗ ಹೇಳಿದಾಕಿನೂ ಇಕಿನ. ಇಕಿನ್ನ ಕೇಳ್ರಿ."

ಎಲ್ಲರೂ ನನ್ನತ್ತ ತಿರುಗಿದರು. ನನ್ನ ಆ ಅರ್ಧ ವಾಕ್ಯ ಇಷ್ಟು ವರ್ಷ ಬದುಕಿ, ಕೃಷ್ಣೆ ದಾಟಿ ಓಡಾಡಿ, ಈಗ, ಅದು ಹುಟ್ಟಿದಾಗ ಏನೂ ಅರಿಯದಷ್ಟು ಸಣ್ಣವಳಾಗಿದ್ದ ಇನ್ನೊಬ್ಬ ಹುಡುಗಿಯ ಬಾಗಿಲಿಗೆ ಬಂದಿತ್ತು.

ಹೇಳಿದೆ. ಚೆನ್ನಾಗಿ ಹೇಳಲಿಲ್ಲ, ತೊದಲಿದೆ, ಹಿಂದುಮುಂದಾಯಿತು. ಅದು ಬೇನೆ, ಬಸಿರಲ್ಲ. ಆಕೆ ಹೇಳಿದ್ದೆಲ್ಲ ಖರೆ, ನಾನು ಹೇಳಿದ್ದೆಲ್ಲ ಸುಳ್ಳು ಎಂದೆ. ಬಂದವರು ಒಬ್ಬರ ಮುಖ ಒಬ್ಬರು ನೋಡಿದರು. ಅಣ್ಣ ಒಂದೇ ಮಾತು ಕೇಳಿದ.

"ಯಾವಾಗ ಗೊತ್ತಾತು ನಿನಗ?"

ಮೊನ್ನೆ ಮೊನ್ನೆ ಎನ್ನಬಹುದಿತ್ತು. "ಅಥಣಿ ಸಭಾ ಆಗೂಕಿಂತ ಮೊದಲ," ಎಂದೆ.

ಅವನು ಎದ್ದು ಹೋಗಲಿಲ್ಲ. ಹೋಗಿದ್ದರೆ ನನಗೆ ಹಗುರಾಗುತ್ತಿತ್ತು. ಅಲ್ಲೇ ಕುಳಿತ, ಚಹಾ ಕೆನೆಗಟ್ಟುವವರೆಗೆ. ಅತ್ತಿಗೆ ಮಕ್ಕಳನ್ನು ಕರೆದುಕೊಂಡು ಒಳಗೆ ಹೋದಳು. ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಅವಳ ಸಂಸಾರವನ್ನು ಯಾವುದರ ಮೇಲೆ ಕಟ್ಟಿದ್ದೆವೆಂದು ಅವಳಿಗೆ ಅಂದೇ ತಿಳಿದದ್ದು.

ಆ ವಾರವೇ ಅನಂತಪುರಕ್ಕೆ ಹೋದೆ. ವೈನಿ ತವರಿನ ಹಿತ್ತಲಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದಳು. ಅಪ್ಪ ತೀರಿಕೊಂಡಿದ್ದಾರೆ. ಡೇರಿಗೆ ಹಾಲು ಹಾಕಿ ತನ್ನ ಖರ್ಚು ತಾನೇ ನೋಡಿಕೊಳ್ಳುತ್ತಾಳೆ. ಮತ್ತೆ ಮದುವೆಯ ಮಾತೆತ್ತಲು ಯಾರೂ ಬರಲಿಲ್ಲವಂತೆ. ನಾನು ನಿಂತಲ್ಲೇ ಎಲ್ಲ ಹೇಳಿದೆ. ಭರಣಿ, ಬಸ್ಸು, ಸಭೆ. ಅವಳು ಎಮ್ಮೆಯ ಬೆನ್ನಿಗೆ ನೀರು ಸುರಿಯುತ್ತಲೇ ಇದ್ದಳು. ಮುಗಿದ ಮೇಲೆ ಬಕೆಟ್ ಕೆಳಗಿಟ್ಟಳು.

"ನನ್ನ ಹೊಟ್ಟಿ ಸುದ್ದಿ ನನಗ ಗೊತ್ತಿಲ್ಲೇನ? ಅಪ್ಪ ಮತ್ತ ಮಿರಜಕ್ಕ ಕರಕೊಂಡ ಹೋಗಿದ್ದ. ಡಾಕ್ಟರ್‌ಬಾಯಿ ಎಲ್ಲಾ ಬಿಡಿಸಿ ಹೇಳಿದ್ರು. ಅಷ್ಟೊತ್ತಿಗೆ ನಿಮ್ಮ ಮನ್ಯಾಗ ಅಣ್ಣಂದು ಎರಡನೇ ಲಗ್ನ ಆಗಿತ್ತು." ಸೆರಗಿನಿಂದ ಕೈ ಒರೆಸಿಕೊಂಡಳು. "ಅವತ್ತ ಬಸದಿ ಮುಂದ ನೀ ಕೈ ಮುಗದಿ ನೋಡು. ಸಣ್ಣ ಹುಡುಗಿ, ತಿಳೀಲಾರದ ಮಾತಾಡೈತಿ, ಈಗ ಮರಗಾಕತ್ತೈತಿ ಅಂತ ತಿಳದು ನಾ ಕ್ಷಮಾ ಮಾಡಿದ್ನಿ. ಬಾಯಿ ಮಾತಿಗಲ್ಲ, ಮನಸಿನಿಂದ. ಅವತ್ತ ನಿನಗ ಎಲ್ಲಾ ಗೊತ್ತಿತ್ತು ಅಂದಂಗಾತು?"

"ಹೌದ್ರಿ."

"ಹಂಗಾರ ಆ ಕ್ಷಮಾ ನಿನಗ ಸಲ್ಲಂಗಿಲ್ಲ. ತಿಳೀಲಾರದ ಹುಡುಗಿಗೆ ಮಾಡಿದ್ನಿ. ಆ ಹುಡುಗಿ ನೀ ಅಲ್ಲ."

ನಾನು ಅಳುತ್ತಿದ್ದೆ. ಅದು ಅವಳಿಗೆ ಹಿಡಿಸಲಿಲ್ಲ.

"ಇಲ್ಲಿ ನಿಂತ ಅತ್ರ ಏನ್ ಬಂತು? ನನಗ ಗೊತ್ತಿದ್ದದ್ದನ್ನ ನನಗ ಹೇಳಾಕ ಇಷ್ಟ ವರ್ಷ ತಗೊಂಡಿ. ಗೊತ್ತಿಲ್ಲದವರಿಗೆ ಹೇಳು. ಇದು ಆಗಿ ಮನ್ಯಾಗ ಕುಂತಾಕಿ ನಾ ಒಬ್ಬಾಕಿನ ಏನ? ಬರಿಯಾಕ ಬರ್ತೈತಲ್ಲ ನಿನಗ. ಬರಿ."

ಅದಕ್ಕೆ ಇದನ್ನು ಬರೆದೆ. ಅವಳ ಹೆಸರು ಅವಳನ್ನು ಕೇಳಿಯೇ ಹಾಕಿದ್ದೇನೆ. ಯಾರ ಮನೆಯಲ್ಲಾದರೂ ಒಬ್ಬ ಹೆಣ್ಣುಮಗಳ ಹೊಟ್ಟೆಯಿಂದ ಕೂದಲು ತುಂಬಿದ ಗಡ್ಡೆ ತೆಗೆದಿದ್ದರೆ ಅದು ಮಾಟವಲ್ಲ, ಪಾಪವಲ್ಲ, ಅವಳ ನಡತೆಯ ಗುರುತಲ್ಲ. ಬೇನೆ. ತಿಳಿಯದಿದ್ದರೆ ಡಾಕ್ಟರನ್ನು ಕೇಳಿ. ನನ್ನಂಥ ಮನೆಯ ಬುದ್ಧಿವಂತರನ್ನು ಕೇಳಬೇಡಿ.

ಕಾಗವಾಡದವರು ಆ ದಿನ ವಿಚಾರ ಮಾಡುತ್ತೇವೆ ಎಂದು ಎದ್ದುಹೋದವರು ಇನ್ನೂ ಏನನ್ನೂ ತಿಳಿಸಿಲ್ಲ. ಹುಡುಗಿ ಕಾಯುತ್ತಿದ್ದಾಳೆ. ಈ ಭಾನುವಾರ ನಾನೇ ಕಾಗವಾಡಕ್ಕೆ ಹೋಗಿ, ಅವರ ಮನೆಯ ಹೆಂಗಸರನ್ನೂ ಕೂರಿಸಿಕೊಂಡು ಹೇಳುತ್ತೇನೆ. ನಂಬದಿದ್ದರೆ ಮತ್ತೆ ಹೋಗುತ್ತೇನೆ. ಅನಂತಪುರದಿಂದ ಹೊರಡುವಾಗ ವೈನಿಯನ್ನು, ಕಾಗವಾಡಕ್ಕೆ ನೀನೂ ಬರುತ್ತೀಯಾ ಎಂದು ಕೇಳಿದ್ದೆ. ಅವಳು ಎಮ್ಮೆಯ ಹಗ್ಗ ಬಿಚ್ಚುತ್ತ ಹೇಳಿದಳು:

"ನಿನ್ನ ಜೋಡಿ ಒಂದ ಬಸ್ಸಿನ್ಯಾಗ ಕುಂದ್ರೂದು ನನ್ನಿಂದ ಆಗೂದಿಲ್ಲವಾ. ನೀನ ಹೋಗು."

ಹ್ಞೂಂ ಎಂದೆ.